ಮಾವನ ಹೆಸರಿನ ನಂಬರು

ನಮ್ಮ ಅತ್ತೆಗೆ ತನ್ನ ಗಂಡನ ಹೆಸರು ಗೊತ್ತಿಲ್ಲ. ಇದು ನಾನು ಕಟ್ಟಿದ ಕಥೆಯಲ್ಲ. ದೊಡ್ಡಬಳ್ಳಾಪುರದ ಒಬ್ಬರು ಡಾಕ್ಟರು, ಒಬ್ಬರು ರೇಷನ್ ಅಂಗಡಿಯವರು, ವೋಟರ್ ಲಿಸ್ಟ್ ಹಿಡಿದು ಮನೆ ಮನೆಗೆ ಬಂದ ಟೀಚರಮ್ಮ, ಇವರೆಲ್ಲ ಬೇರೆ ಬೇರೆ ಕಾಲದಲ್ಲಿ, ಒಬ್ಬರ ಮಾತು ಒಬ್ಬರು ಕೇಳದೆ, ಸ್ವತಂತ್ರವಾಗಿ ತನಿಖೆ ನಡೆಸಿ ಕಂಡುಕೊಂಡ ಸತ್ಯ. ಮದುವೆಯಾಗಿ ಎಷ್ಟೋ ವರ್ಷವಾಗಿದೆ. ಒಂದೇ ಮನೆ, ಒಂದೇ ಕಸುಬು, ಒಂದೇ ಸ್ಕೂಟರು. ಆದರೂ ಹೆಸರು ಕೇಳಿದರೆ ಅತ್ತೆ ಸೀಲಿಂಗ್ ನೋಡುತ್ತಾಳೆ!

ಡಾಕ್ಟರ ಮುಂದೆ ನಡೆದ ಸಂಭಾಷಣೆಗೆ ನಾನೇ ಸಾಕ್ಷಿ.

"ಪೇಷಂಟ್ ಹೆಸರೇನಮ್ಮಾ?"

"ಅದೇ ಸಾರ್, ಶಿವಗಂಗೆ ಬೆಟ್ಟದಲ್ಲಿ ಲಿಂಗಕ್ಕೆ ತುಪ್ಪ ಹಚ್ಚಿದ್ರೆ ಬೆಣ್ಣೆ ಆಗುತ್ತಲ್ಲ, ಆ ಸ್ವಾಮಿ."

"ದೇವರ ಹೆಸರು ಕೇಳ್ಲಿಲ್ಲ ನಾನು. ನಿಮ್ಮ ಯಜಮಾನರ ಹೆಸರು."

"ನಾನೂ ಅದನ್ನೇ ಹೇಳಿದ್ದು."

ಡಾಕ್ಟರು ಎಲ್ಲೋ ದೂರದ ಊರಿನವರು, ಪಾಪ. ನಮ್ಮ ನೆಲಮಂಗಲದ ಬೆಟ್ಟಗಳ ಪರಿಚಯವಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಚೀಟಿಯ ಮೇಲೆ "ಬೆಣ್ಣೆಸ್ವಾಮಿ" ಎಂದು ಬರೆದರು. ಮಾವನ ಬಿ.ಪಿ., ಕೊಲೆಸ್ಟರಾಲ್ ಎಲ್ಲವೂ ಇವತ್ತಿಗೂ ಆ ಆಸ್ಪತ್ರೆಯಲ್ಲಿ ಬೆಣ್ಣೆಸ್ವಾಮಿಯ ಹೆಸರಿನಲ್ಲೇ ಇವೆ. ಕೊಲೆಸ್ಟರಾಲಿಗೆ ಅದಕ್ಕಿಂತ ಒಪ್ಪುವ ಹೆಸರು ಇನ್ನೊಂದಿಲ್ಲ ಬಿಡಿ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮಾವ ಪೇಟೆಯ ಹಿಂದಿನ ಓಣಿಯಲ್ಲಿ ಮನೆಗೆ ಹೊಂದಿಕೊಂಡೇ ಪವರ್‌ಲೂಮ್ ಹಾಕಿಕೊಂಡು ರೇಷ್ಮೆ ಸೀರೆ ನೇಯುವವರು. ಗಂಡನ ಹೆಸರು ಹೇಳಬಾರದು ಎನ್ನುವುದು ನಮ್ಮ ಕಡೆ ಹಳೆಯ ಹೆಂಗಸರಿಗೆಲ್ಲ ಇದ್ದ ಪದ್ಧತಿಯೇ. ಆದರೆ ಉಳಿದವರು ಕಾಲಕ್ಕೆ ತಕ್ಕಂತೆ ಅದನ್ನು ಸಡಿಲ ಮಾಡಿಕೊಂಡರು. ನನ್ನ ಅಮ್ಮನಂತೂ ಅಪ್ಪನ ಹೆಸರನ್ನು ಅಡುಗೆಮನೆಯಿಂದ ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ತಿರುಗಿ ನೋಡುತ್ತಾರೆ. ಅತ್ತೆ ಮಾತ್ರ ಒಂದಿಂಚೂ ಕದಲಲಿಲ್ಲ. ಅವಳದು ಬರೀ ಪದ್ಧತಿಯಲ್ಲ, ಅದಕ್ಕೊಂದು ವಿಜ್ಞಾನವೂ ಇದೆ. ಹೆಂಡತಿ ಬಾಯಿಂದ ಒಂದು ಸಲ ಹೆಸರು ಹೊರಟರೆ ಯಮನ ಕಿವಿಗೆ ಬೀಳುತ್ತದೆ, ಅವನು "ಓಹೋ, ಇವನೊಬ್ಬ ಇದ್ದಾನಲ್ಲ, ಮರೆತೇ ಹೋಗಿತ್ತು" ಎಂದು ನೆನಪು ಮಾಡಿಕೊಳ್ಳುತ್ತಾನೆ. ಅಷ್ಟೇ. ಹಾಗಾಗಿ ಹೆಸರಿಲ್ಲ. "ಇವರು ಬಂದ್ರು", "ಇವರಿಗೆ ಊಟ ಆಯ್ತು", "ಏನ್ರೀ, ಕಾಫಿ ತಗೊಳ್ಳಿ", ಎಲ್ಲ ಬಹುವಚನದಲ್ಲಿ, ಸೆರಗು ಹೊದ್ದು.

ಹೋದ ವರ್ಷ ಮಾವನಿಗೆ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡಿತು. ದೇವರ ದಯೆಯಿಂದ ಏನೂ ಆಗಲಿಲ್ಲ, ಮಾತ್ರೆಯಲ್ಲೇ ಮುಗಿಯಿತು. ಆದರೆ ಅಂದಿನಿಂದ ಅತ್ತೆಯ ನಿಯಮ ಇನ್ನಷ್ಟು ಬಿಗಿಯಾಯಿತು. ಮೊದಲು ಶಿವಗಂಗೆಯ ಹೆಸರನ್ನಾದರೂ ಹೇಳುತ್ತಿದ್ದಳು. ಈಗ ಅದೂ ಇಲ್ಲ, "ನೆಲಮಂಗಲದ ಹತ್ತಿರದ ಆ ಬೆಟ್ಟ" ಎನ್ನುತ್ತಾಳೆ. ನಾವು ಮನೆಮಂದಿ ನಗುತ್ತಿದ್ದೆವು. ಅವಳು ನಗುತ್ತಿರಲಿಲ್ಲ.

ನನ್ನದೂ ಒಂದು ಪರಿಚಯ ಬೇಕಲ್ಲವೇ? ನಾನು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ರಟ್ಟಿನ ಡಬ್ಬಗಳಿಗೆ ಅಂಟಿಸುವ ಸ್ಟಿಕ್ಕರನ್ನು ಕಂಪ್ಯೂಟರಿನಲ್ಲಿ ಹೊಡೆದು ಕೊಡುವವನು. "ಈ ಕಡೆ ಮೇಲೆ" ಎಂದು ಬಾಣದ ಗುರುತು ಹಾಕುವುದು ನನ್ನ ಪರಿಣತಿ. ಇಷ್ಟಕ್ಕೇ ನಮ್ಮ ಬಂಧುಬಳಗದಲ್ಲಿ ನಾನು "ಕಂಪ್ಯೂಟರ್ ಓದ್ಕೊಂಡಿರೋನು". ಯಾರ ಮನೆಯ ಟಿ.ವಿ. ಕೆಟ್ಟರೂ ನನಗೇ ಫೋನು. ಇನ್ನೊಂದು ವಿದ್ಯೆ ಮಿಮಿಕ್ರಿ. ದೇವನಹಳ್ಳಿ ಬಸ್ಸಿನ ಕಂಡಕ್ಟರು, ನಮ್ಮ ಸೂಪರ್‌ವೈಸರು, ಕುಕ್ಕರಿನ ಮೂರನೇ ವಿಜಿಲು, ಎಲ್ಲ ಬರುತ್ತದೆ. ಮದುವೆ ಮನೆಗಳಲ್ಲಿ ಊಟ ತಡವಾದರೆ ನನ್ನನ್ನು ಕುರ್ಚಿಯ ಮೇಲೆ ನಿಲ್ಲಿಸುತ್ತಾರೆ. ಅತ್ತೆಯ "ಇವರು" ನನ್ನ ಹೆಸರಾಂತ ಐಟಂ.

ಇದಕ್ಕೆ ನಗದ ಒಬ್ಬರೇ ಒಬ್ಬ ಪ್ರೇಕ್ಷಕರು ಮಾವ. ಮಗ್ಗದ ಸದ್ದಿನಲ್ಲೇ ಬದುಕಿ ಅವರ ಕಿವಿ ಅರ್ಧ ಹೋಗಿದೆ. ಆ ಸದ್ದಿನಲ್ಲಿ ಕೆಲಸ ಮಾಡುವವರೆಲ್ಲ ಹೀಗೇ, ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಾರೆ. ನಾನು ಗಂಟಲು ಹರಿದುಕೊಂಡು ಕಂಡಕ್ಟರನ ದನಿ ತೆಗೆದರೆ ಮಾವ ನನ್ನ ಬಾಯನ್ನೇ ನೋಡಿ, "ದನಿ ಯಾರ್ದಾದ್ರೇನೋ, ತುಟಿ ನಿಂದೇ ತಾನೆ?" ಎನ್ನುತ್ತಾರೆ. ಒಬ್ಬ ಕಲಾವಿದನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ಈಗ ವಿಷಯಕ್ಕೆ ಬರುತ್ತೇನೆ. ಮಾವನಿಗೆ ಅರವತ್ತು ತುಂಬುವುದಿತ್ತು. ಅರವತ್ತರ ಶಾಂತಿ ಎಂದರೆ ಗೊತ್ತಲ್ಲ, ಅದೇ ಗಂಡ ಹೆಂಡತಿಗೆ ಮತ್ತೊಂದು ಸಲ ಮದುವೆ. ಹೊಸಕೋಟೆ ಕಡೆಯ ಜಡಿಗೇನಹಳ್ಳಿಯಲ್ಲಿ ಮಾವನ ಅಕ್ಕ ಇದ್ದಾರೆ. ಅವರನ್ನು ನಾವೆಲ್ಲ ಜಡಿಗೇನಹಳ್ಳಿ ಅಮ್ಮ ಎನ್ನುತ್ತೇವೆ. ಅತ್ತೆ ಹೊಸ ಸೊಸೆಯಾಗಿ ಬಂದ ದಿನ, ಬಾಗಿಲು ತಡೆದು ಗಂಡನ ಹೆಸರು ಹೇಳಿಸುವ ಶಾಸ್ತ್ರ ಇವರದೇ ಪಾಲಿಗಿತ್ತು. ಅತ್ತೆ ಹೇಳಲಿಲ್ಲ. ಹೊಸಿಲಿನಾಚೆ ಅಕ್ಕಿ ಸೇರಿನ ಮುಂದೆ ಗಂಭೀರವಾಗಿ ನಿಂತೇ ಇದ್ದಳಂತೆ. ಒಳಗೆ ಪಾಯಸ ಗಟ್ಟಿಯಾಗಿ ಕತ್ತರಿಸಿ ಬಡಿಸುವ ಹದಕ್ಕೆ ಬಂದ ಮೇಲೆ ಹಸಿದ ನೆಂಟರೇ ಜಡಿಗೇನಹಳ್ಳಿ ಅಮ್ಮನನ್ನು ಪಕ್ಕಕ್ಕೆ ಎಳೆದು ದಾರಿ ಬಿಡಿಸಿದರಂತೆ. ಆ ಸೋಲನ್ನು ಅವರು ಮರೆತಿಲ್ಲ.

ಶಾಂತಿಯ ಸುದ್ದಿ ಮುಟ್ಟಿದ ಕೂಡಲೇ ಫೋನು ಬಂತು. ಸ್ಪೀಕರಿನಲ್ಲಿತ್ತು, ನಾನೂ ಕೇಳಿದೆ.

"ಏನಮ್ಮಾ, ಮತ್ತೆ ಮದ್ವೆ ಹೆಣ್ಣು ನೀನು. ಅದೇ ಹೊಸ್ಲು, ಅದೇ ನಾನು. ಈ ಸಲ ಯಾರು ಎಳೆದ್ರೂ ಏಳಲ್ಲ. ತಮ್ಮನ ಹೆಸರು ನಿನ್ನ ಬಾಯಲ್ಲಿ ಕೇಳಿಯೇ ಕಣ್ಮುಚ್ಚೋದು ನಾನು."

"ಹೇಳ್ತೀನಿ ಬಿಡಿ ಅಕ್ಕಾ," ಎಂದಳು ಅತ್ತೆ.

ನಾನು ಕುಳಿತಲ್ಲೇ ಜಾರಿದೆ. ಫೋನಿಟ್ಟ ಮೇಲೆ ಅತ್ತೆ ನನ್ನತ್ತ ತಿರುಗಿ, "ಬಾಯಲ್ಲಿ ಅಂದ್ನಾ ನಾನು? ಕೈಯಲ್ಲಿ ಹೇಳ್ತೀನಿ," ಎಂದಳು.

ಯೋಜನೆ ಹೀಗಿತ್ತು. ಊರಿನವರ ಹೆಸರನ್ನೆಲ್ಲ ಸೆರಗಿನಲ್ಲಿ ನೇಯ್ದು ಕೊಟ್ಟ ಮನೆ ಇದು. ಮದುವೆ ಹುಡುಗ ಹುಡುಗಿಯ ಹೆಸರನ್ನು ಜರಿಯಲ್ಲಿ ನೇಯಿಸಿಕೊಳ್ಳುವುದು ಈಗಿನ ಶೋಕಿ. ಆದರೆ ಮಾವನ ಹೆಸರು ಯಾವ ಬಟ್ಟೆಯ ಮೇಲೂ ಬಂದಿಲ್ಲ. ಶಾಂತಿಯ ದಿನ ಮಾವ ಹೊದೆಯುವ ಶಲ್ಯದ ಅಂಚಿನಲ್ಲಿ ಅತ್ತೆ ತಾನೇ ಬರೆದು ನೇಯಿಸುವುದು, ಹೊಸಿಲಿನಲ್ಲಿ ಅದನ್ನು ಎತ್ತಿ ತೋರಿಸುವುದು. ಹೆಸರು ಹೇಳಿದಂತೆಯೂ ಆಯಿತು, ಯಮನಿಗೆ ಕೇಳಿಸಿದಂತೆಯೂ ಆಗಲಿಲ್ಲ. ಕಿವಿ ಕೇಳದ ಮಾವನಿಗೆ ಓದಲೂ ಸಿಕ್ಕಿತು. ವಕೀಲರಿಗೂ ಹೊಳೆಯದ ಉಪಾಯ!

"ಅಷ್ಟೇ ತಾನೆ? ಹೆಸರು ನಾನು ಟೈಪ್ ಮಾಡಿ ಕೊಡ್ತೀನಿ," ಎಂದೆ.

"ನೀನು ಮಾಡಿದ್ರೆ ನೀನು ಹೇಳ್ದಂಗೆ. ನನ್ನ ಬೆರಳಲ್ಲೇ ಆಗ್ಬೇಕು."

ಅತ್ತೆಗೆ ಕಂಪ್ಯೂಟರ್ ಬರುವುದಿಲ್ಲ ಎಂದಲ್ಲ. ಸೀರೆಯ ಬುಟ್ಟಾ, ಅಂಚು ಎಲ್ಲ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಅವಳೇ ಚೌಕ ಚೌಕವಾಗಿ ತುಂಬುತ್ತಾಳೆ. ತೊಂದರೆ ಬೇರೆ. ಟೈಪ್ ಮಾಡುವಾಗ ಪ್ರತಿ ಅಕ್ಷರವನ್ನೂ ಬಾಯಿಬಿಟ್ಟು ಹೇಳದೆ ಅವಳ ಬೆರಳು ಏಳುವುದಿಲ್ಲ! "ಗ" ಎನ್ನುವ ಕೀಲಿಯ ಮೇಲೆ ಬೆರಳಿಟ್ಟಳು, ಬಾಯಿ ತೆರೆಯಿತು, ಎಡಗೈಯಿಂದ ಬಾಯಿ ಮುಚ್ಚಿಕೊಂಡಳು, ಬೆರಳೂ ನಿಂತಿತು. ಬಾಯಿ ಬಿಟ್ಟಳು, ಬೆರಳು ಎದ್ದಿತು, ಮತ್ತೆ ಬಾಯಿ ಮುಚ್ಚಿದಳು. "ಎರಡಕ್ಕೂ ಒಂದೇ ವೈರು ಕಣೋ," ಎಂದು ಕೈಚೆಲ್ಲಿದಳು.

ಆಗ ಕಂಪ್ಯೂಟರ್ ಓದಿಕೊಂಡಿರುವವನ ಜ್ಞಾನಭಂಡಾರ ತೆರೆಯಿತು. ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಪ್ರಪಂಚದ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಟ್ಟಿದ್ದಾರೆ, ನಂಬರ್ ಬರೆದು ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಕ್ಷರ ಪ್ರತ್ಯಕ್ಷವಾಗುತ್ತದೆ, ಅಕ್ಷರದ ಹೆಸರೆತ್ತುವ ಅಗತ್ಯವೇ ಇಲ್ಲ ಎಂದು ವಿವರಿಸಿದೆ. ಅತ್ತೆಯ ಕಣ್ಣು ಅರಳಿತು.

"ಅಂದ್ರೆ ಇವರ ಹೆಸರಿಗೂ ನಂಬರ್ ಇದ್ಯಾ?"

"ಎಲ್ಲರ ಹೆಸರಿಗೂ ಇದೆ."

"ಯಮನಿಗೆ ಗೊತ್ತಾ ಈ ನಂಬರು?"

"ಅವನು ಇನ್ನೂ ಹಳೇ ಪದ್ಧತಿ ಅತ್ತೆ. ಅಪ್‌ಡೇಟ್ ಆಗಿಲ್ಲ."

ಮಾವನ ಹೆಸರಿನ ನಂಬರುಗಳನ್ನು ಅತ್ತೆ ಅದೇ ಸಂಜೆ ಬಾಯಿಪಾಠ ಮಾಡಿದಳು. ಮರುದಿನ ನಾನು ಹೋದಾಗ ಪೂಜೆ ಮಾಡುತ್ತಾ ಹೇಳಿಕೊಳ್ಳುತ್ತಿದ್ದಳು: "ಸೊನ್ನೆ ಸಿ ಒಂಬತ್ತು ಏಳು, ಸೊನ್ನೆ ಸಿ ಎಂಟು ಎರಡು, ಸೊನ್ನೆ ಸಿ ಒಂಬತ್ತು ಏಳು, ಸೊನ್ನೆ ಸಿ ಬಿ ಇ, ಸೊನ್ನೆ ಸಿ ಎ ಏಳು, ಸೊನ್ನೆ ಸಿ ಬಿ ಸೊನ್ನೆ." ಮಂಗಳಾರತಿಯ ಜೊತೆಗೆ ಕೇಳಿದರೆ ಯಾವುದೋ ಹೊಸ ಅಷ್ಟೋತ್ತರವೇ ಸರಿ. ರೇಷನ್ ಅಂಗಡಿಯಲ್ಲೂ ಪ್ರಯೋಗವಾಯಿತು. ಹೆಸರು ಹೇಳಿ ಎಂದದ್ದಕ್ಕೆ ಅತ್ತೆ ಉಸಿರು ಬಿಡದೆ ಸೊನ್ನೆ ಸಿ ಶುರುಮಾಡಿದಳು. ಅಂಗಡಿಯವರು ಭಕ್ತಿಯಿಂದ ಪೂರ್ತಿ ಬರೆದುಕೊಂಡು, "ಅಮ್ಮಾ, ಒ.ಟಿ.ಪಿ. ಇನ್ನೂ ಕಳ್ಸೇ ಇಲ್ಲ ನಾನು, ನಿಮಗೆ ಆಗ್ಲೇ ಬಂತಾ?" ಎಂದರಂತೆ.

ಆದರೆ ಕಂಪ್ಯೂಟರಿನ ಮುಂದೆ ಕುಳಿತಾಗ ನನ್ನ ಮಾನ ಹೋಗಲು ಶುರುವಾಯಿತು. ಅತ್ತೆ ನಂಬರ್ ಬರೆದಳು, ಆಲ್ಟ್ ಎಕ್ಸ್ ಒತ್ತಿದಳು. ಏನೂ ಆಗಲಿಲ್ಲ. ಜೋರಾಗಿ ಒತ್ತಿದಳು. ನಂಬರು ಕಲ್ಲಿನಂತೆ ಕೂತಿತ್ತು.

"ನಿಮ್ಮ ಫ್ಯಾಕ್ಟ್ರೀಲಿ ಎಕ್ಸ್ ಬೇರೆ ಥರ ಇರುತ್ತೇನೋ?"

ನಾನು ಕಂಪ್ಯೂಟರಿಗೆ ಬೈದೆ, ಕೀಬೋರ್ಡ್ ತಲೆಕೆಳಗು ಮಾಡಿ ಕುಟ್ಟಿದೆ (ಒಂದಷ್ಟು ಕಡ್ಲೆಪುರಿ ಉದುರಿತು). ಮುಚ್ಚಿ ತೆರೆದೆ. ಕೊನೆಗೆ ತಿಳಿದದ್ದು ಇಷ್ಟೇ: ಅತ್ತೆ ತೆರೆದಿದ್ದ ಬಿಳೀ ಹಾಳೆಯ ಬಡ ಎಡಿಟರಿಗೆ ಈ ಮಂತ್ರವೇ ಗೊತ್ತಿಲ್ಲ. ಅದೇ ಕಂಪ್ಯೂಟರಿನಲ್ಲಿದ್ದ ಇನ್ನೊಂದು ಸ್ವಲ್ಪ ಅನುಕೂಲಸ್ಥ ಎಡಿಟರಿಗೆ ಗೊತ್ತಿದೆ. ಅದನ್ನು ತೆರೆದುಕೊಟ್ಟೆ. ಈ ಸಲ ಅಕ್ಷರ ಬಂತು. ಬಂತು, ಆದರೆ ಒಂಟಿಯಾಗಿ ಬರಲಿಲ್ಲ. ಪ್ರತಿ ಅಕ್ಷರದ ಎಡಕ್ಕೆ ಒಂದೊಂದು ಉಂಡೆ! ಸಾಲದ್ದಕ್ಕೆ, ಹೆಸರಿನ ದೀರ್ಘ ಬಂದ ಕಡೆ ಅದರ ಪಕ್ಕದಲ್ಲಿ ಚುಕ್ಕೆಗಳಿಂದ ಮಾಡಿದ ಒಂದು ಖಾಲಿ ಬಳೆ.

ಉಂಡೆಯ ರಹಸ್ಯ ಬೇಗ ಬಿಡಿಸಿದೆ. ಅತ್ತೆ ಸೊನ್ನೆಯ ಬದಲಿಗೆ ಇಂಗ್ಲಿಷಿನ 'ಓ' ಒತ್ತುತ್ತಿದ್ದಳು. "ದುಂಡಗಿರೋದೆಲ್ಲ ಸೊನ್ನೆ ತಾನೆ?" ಎನ್ನುವುದು ಅವಳ ವಾದ. ಚುಕ್ಕೆಯ ಬಳೆಯನ್ನು ವಿವರಿಸಲು ಮಾತ್ರ ನಾನು ತಡವರಿಸಿದೆ. ದೀರ್ಘ ಎನ್ನುವುದು ಒಂಟಿಯಾಗಿ ನಿಲ್ಲುವ ಅಕ್ಷರವಲ್ಲ, ಅದಕ್ಕೊಂದು ಆಸರೆ ಬೇಕು, ಹಿಂದೆ ಅಕ್ಷರ ಸಿಗದಿದ್ದರೆ ಎಡಿಟರ್ ಹೀಗೆ ಖಾಲಿ ಜಾಗ ತೋರಿಸುತ್ತದೆ ಎಂದು ಏನೇನೋ ಹೇಳಿದೆ.

"ಇಷ್ಟಕ್ಕೆ ಇಷ್ಟುದ್ದ ಯಾಕೋ ಹೇಳ್ತೀಯ? ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕಿರ್ತಾರಲ್ಲ, ಹಂಗೆ. ಬರ್ಬೇಕಾದೋರು ಇನ್ನೂ ಬಂದಿಲ್ಲ ಅಂತ."

ಅತ್ತೆ ಉಂಡೆಗಳನ್ನು ಅಳಿಸಿ, ನಿಜವಾದ ಸೊನ್ನೆ ಹಾಕಿ ಮತ್ತೆ ಬರೆದಳು. ಟವೆಲ್ ತಾನಾಗಿ ಮಾಯವಾಯಿತು. ಹೆಸರು ಮೂಡಿತು. ಅತ್ತೆ ಅದನ್ನು ತುಟಿ ಬಿಗಿಹಿಡಿದು, ಕಣ್ಣಲ್ಲೇ ಓದಿದಳು. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, "ಯಾರ್ದೇ ಇದು ಹೆಸರು?" ಎಂದು ಕಣ್ಣು ಮಿಟುಕಿಸಿದರು. "ಯಾರ್ದೋ ಗಿರಾಕಿದು, ಹೋಗ್ರಿ," ಎಂದು ಅತ್ತೆ ಕೆಂಪಾದಳು. ಆ ವಯಸ್ಸಿನಲ್ಲಿ!

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹೆಸರು ಸೀದಾ ಮಗ್ಗಕ್ಕೆ ಹಾರುವುದಿಲ್ಲ. ನೇಯ್ಗೆಯಲ್ಲಿ ಚಿತ್ರ ಬರಬೇಕಾದರೆ ತೂತು ಕೊರೆದ ರಟ್ಟಿನ ಪಟ್ಟಿಗಳನ್ನು ಮಾಲೆ ಕಟ್ಟಿ ಮಗ್ಗದ ನೆತ್ತಿಗೆ ಏರಿಸಬೇಕು. ಯಾವ ದಾರ ಮೇಲೇಳಬೇಕು, ಯಾವುದು ಮಲಗಿರಬೇಕು ಎನ್ನುವುದನ್ನು ಆ ತೂತುಗಳೇ ಹೇಳುತ್ತವೆ. ಅತ್ತೆಯ ಕಡತವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ರಟ್ಟು ಹೊಡೆಯುವ ಅಂಗಡಿಗೆ ಕೊಟ್ಟು ಬಂದೆ. ಆ ಅಂಗಡಿಯಣ್ಣನ ಕಂಪ್ಯೂಟರು ನಮ್ಮತ್ತೆಯ ಕಂಪ್ಯೂಟರಿಗಿಂತ ಹಿರಿಯ. ಅದರಲ್ಲಿ ಕನ್ನಡದ ಹೊಸ ಫಾಂಟೇ ಇಲ್ಲ. ಫಾಂಟಿಲ್ಲದಿದ್ದರೆ ಅದು ಅಕ್ಷರಕ್ಕೊಂದರಂತೆ ಖಾಲಿ ಡಬ್ಬಿ ತೋರಿಸುತ್ತದೆ. ಬೇರೆ ಊರಿನಲ್ಲಾಗಿದ್ದರೆ ಯಾರಾದರೂ ಇದೇನೋ ತಪ್ಪಾಗಿದೆ ಎನ್ನುತ್ತಿದ್ದರು. ಇದು ನೇಕಾರರ ಊರು. ಅಂಗಡಿಯಣ್ಣ ಜೀವಮಾನವೆಲ್ಲ ಚೌಕಗಳನ್ನೇ ನೋಡಿದವನು. ಸಾಲು ಡಬ್ಬಿ ನೋಡಿ, ಒಳ್ಳೆ ಡಿಸೈನು ಎಂದು ತಲೆದೂಗಿ, ಹಾಗೇ ತೂತು ಹೊಡೆದು ಕೊಟ್ಟ. ಮಾವ ಅವನ್ನು ಮಗ್ಗಕ್ಕೆ ಏರಿಸಿದರು. ಶಲ್ಯದ ಅಂಚಿನಲ್ಲಿ, ಜರಿಯಲ್ಲಿ, ಮಿರಮಿರ ಮಿಂಚುತ್ತಾ ಒಂದರ ಪಕ್ಕ ಒಂದು ಖಾಲಿ ಡಬ್ಬಿ!

ಅತ್ತೆ ತಲೆಯ ಮೇಲೆ ಕೈಹೊತ್ತು ಕುಳಿತಳು. ಆಗಲೇ ಸೀರೆ ವ್ಯಾಪಾರಿಯೊಬ್ಬರು ಬಂದರು. ಬಟ್ಟೆಯನ್ನು ಬೆಳಕಿಗೆ ಹಿಡಿದು, "ಅಕ್ಕಾ, ಈ ಡಬ್ಬಿ ಬುಟ್ಟಾ ಹೊಸದಾಗಿದ್ಯಲ್ಲ? ಸೆರಗು ತುಂಬಾ ಹಾಕಿ ಕೊಡಿ, ಎಷ್ಟಾದ್ರೂ ತಗೋತೀನಿ," ಎಂದರು. ಹಾಕಿ ಕೊಟ್ಟರು. ಸೀರೆಗಳು ಹಾರಿಹೋದವು. ಇವತ್ತು ಬೆಂಗಳೂರಿನ ಮದುವೆಗಳಲ್ಲಿ ಎಷ್ಟೋ ಹೆಂಗಸರು ಗೊತ್ತಿಲ್ಲದೆಯೇ ನಮ್ಮ ಮಾವನ ಹೆಸರನ್ನು ಹೆಗಲ ಮೇಲೆ ಹಾಕಿಕೊಂಡು ಊಟಕ್ಕೆ ಕೂರುತ್ತಿದ್ದಾರೆ. ಈ ಮಾತನ್ನು ಅತ್ತೆಗೆ ಹೇಳಿ ನಾನು ಸೌಟಿನಲ್ಲಿ ಪೆಟ್ಟು ತಿಂದೆ.

ನಾನು ಫಾಂಟನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅಂಗಡಿಯ ಕಂಪ್ಯೂಟರಿಗೆ ಹಾಕಿ ಬಂದೆ. ಅಷ್ಟರಲ್ಲಿ ಅತ್ತೆ, ಮತ್ತೆ ಸೋಲಬಾರದೆಂದು, ಹೆಸರನ್ನು ಹೊಸದಾಗಿ ಬರೆದು ಕಡತವನ್ನು ಕಾಪಾಡಿ ಇಟ್ಟಿದ್ದಳು. ಉಳಿಸುವಾಗ ಕಂಪ್ಯೂಟರು, ಹೀಗೆ ಉಳಿಸಿದರೆ ಇದರಲ್ಲಿರುವ ಅಕ್ಷರಗಳು ಕಳೆದುಹೋಗುತ್ತವೆ, ಆಗಬಹುದೇ ಎಂದು ಕೇಳಿತ್ತಂತೆ. ಅತ್ತೆ ಓಕೆ ಒತ್ತಿದ್ದಾಳೆ. ಇದು ನನಗೆ ಗೊತ್ತಾದದ್ದು ಎರಡನೇ ಶಲ್ಯ ನೇಯ್ದಾದ ಮೇಲೆ.

"ಯಾಕತ್ತೆ ಒತ್ತಿದೆ?"

"ಪಾಪ, ಅಷ್ಟು ಮರ್ಯಾದೆಯಾಗಿ ಕೇಳ್ತು. ಬೇಡ ಅನ್ನಕ್ಕಾಗುತ್ತಾ?"

ಯೂನಿಕೋಡ್ ಆಗಿ ಉಳಿಸದ ಕನ್ನಡ ಏನಾಗುತ್ತದೆ ಗೊತ್ತೇ? ಪ್ರತಿ ಅಕ್ಷರವೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆಯಾಗಿ ನಿಲ್ಲುತ್ತದೆ. ಡಬ್ಬಿಗೇ ಬೆಲೆ ಕಂಡ ಅಂಗಡಿಯಣ್ಣ ಈ ಪ್ರಶ್ನೆಯ ಕೊಕ್ಕೆಗೆ ಹಿಂಜರಿಯುತ್ತಾನೆಯೇ? ಎರಡನೇ ಶಲ್ಯವೂ ಮಗ್ಗದಿಂದ ಇಳಿಯಿತು. ಮಾವ ಅದನ್ನು ಹೊದ್ದು ಕನ್ನಡಿಯ ಮುಂದೆ ನಿಂತು, ಹೆಗಲ ಮೇಲಿನ ಕೊಕ್ಕೆಗಳ ಸಾಲನ್ನು ಬೆರಳಲ್ಲಿ ಸವರಿ ಕೇಳಿದರು:

"ಇದೇನೇ? ನಂಗೆ ಅರವತ್ತು ತುಂಬೋ ಹೊತ್ತಿಗೂ ನಾನ್ಯಾರು ಅಂತ ನಿಂಗೆ ಡೌಟಾ?"

ಎಲ್ಲರೂ ನಕ್ಕೆವು. ಅತ್ತೆ ನಗಲಿಲ್ಲ. ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕುಳಿತಳು. ನಾನೂ ಹಿಂದೆ ಹೋದೆ. ಶಾಂತಿ ಹತ್ತಿರ ಬಂದಿತ್ತು. "ಈ ಸಲಾನೂ ಆಗ್ಲಿಲ್ಲ ಅಂದ್ರೆ ಅಕ್ಕ ಬಾಯಿ ಬಿಡಿಸ್ತಾರೆ ಕಣೋ," ಎಂದಳು ಮೆಲ್ಲಗೆ. "ನೀವೆಲ್ಲ ನಗ್ತೀರ. ಹೋದ ವರ್ಷ ಇವರು ಎದೆ ಹಿಡ್ಕೊಂಡು ಕೂತಾಗ ನಂಗೆ ಏನಾಯ್ತು ಅಂತ ನಿಂಗೇನ್ ಗೊತ್ತು?" ನಾನು ಪಕ್ಕದಲ್ಲಿ ಕುಳಿತು, ಉಳಿಸುವಾಗ ಯಾವುದನ್ನು ಆರಿಸಬೇಕು ಎಂದು ಬೆರಳಿಟ್ಟು ತೋರಿಸಿದೆ. ಅವಳು ಆರಿಸಿದಳು. ಈ ಸಲ ಕಂಪ್ಯೂಟರು ಏನೂ ಕೇಳಲಿಲ್ಲ. ಅಂಗಡಿಗೆ ನಾನೇ ಹೋಗಿ, ರಟ್ಟು ಹೊಡೆಯುವಷ್ಟು ಹೊತ್ತೂ ಕಾವಲು ನಿಂತು, ತೆರೆಯ ಮೇಲೆ ಹೆಸರು ಹೆಸರಾಗಿಯೇ ಇದೆ ಎಂದು ನೋಡಿ ತಂದೆ.

ಮಾರನೇ ಸಂಜೆ ಶಿಫ್ಟ್ ಮುಗಿಸಿಕೊಂಡು ಹೋದಾಗ ಮೂರನೇ ಶಲ್ಯ ಮಗ್ಗದ ಮೇಲಿತ್ತು. ಮಗ್ಗದ ಮನೆಯೊಳಗೆ ಕಾಲಿಟ್ಟರೆ ನಿಮ್ಮ ಯೋಚನೆ ನಿಮಗೇ ಕೇಳಿಸುವುದಿಲ್ಲ, ಅಂಥ ಸದ್ದು. ಮಾವ ಆ ತುದಿಯ ಸೀರೆ ಮಗ್ಗದಲ್ಲಿ, ಬೆನ್ನು ನಮ್ಮ ಕಡೆ. ಅತ್ತೆ ಶಲ್ಯದ ಮೇಲೆ ಬಾಗಿ ನಿಂತಿದ್ದಳು. ಎಳೆ ಎಳೆಯಾಗಿ, ಜರಿಯಲ್ಲಿ, ಹೆಸರು ಅರ್ಧ ಮೂಡಿತ್ತು. ಡಬ್ಬಿಯಲ್ಲ, ಕೊಕ್ಕೆಯಲ್ಲ, ಅಚ್ಚ ಅಕ್ಷರ. ಅತ್ತೆಯ ಬಾಯಿ ಏನೋ ಹೇಳುತ್ತಿತ್ತು. ನಂಬರಿನ ಜಪ ಇರಬೇಕು ಎಂದುಕೊಂಡೆ.

ಆ ಹೊತ್ತಿಗೇ ಕರೆಂಟು ಹೋಯಿತು. ಎಲ್ಲ ಮಗ್ಗಗಳೂ ಒಟ್ಟಿಗೆ ಉಸಿರು ನಿಲ್ಲಿಸಿದವು. ಆ ಹಠಾತ್ ನಿಶ್ಶಬ್ದದಲ್ಲಿ, ಬ್ರೇಕ್ ಹಾಕಲಾಗದೆ ಹೊರಟೇಬಿಟ್ಟಿದ್ದ ಅತ್ತೆಯ ಕಂಠ ಇಡೀ ಓಣಿಗೆ ಕೇಳುವಂತೆ ಮೊಳಗಿತು:

"ಲೋ ಗಂಗಾಧರಾ! ಜರಿ ಕಿತ್ತೋಗ್ತಾ ಐತೆ, ಎತ್ಲಾಗ್ ನೋಡ್ತಾ ಇದೀಯೋ!"

ಹೆಸರಷ್ಟೇ ಅಲ್ಲ. ಏಕವಚನ! "ಲೋ" ಬೇರೆ!

ಆ ಕೂಗು ಮಾವನ ಅರ್ಧ ಕಿವಿಗೂ ಬಿತ್ತು. ಅವರು ತಿರುಗದೆಯೇ, ದಿನವೂ ಹೇಳುವವರಂತೆ, "ಬಂದೆ ಇರೇ," ಎಂದರು.

ಬಂದೆ ಇರೇ ಎಂಬ ಆ ಎರಡು ಮಾತು ನನಗೆ ಎಲ್ಲವನ್ನೂ ಹೇಳಿಬಿಟ್ಟವು. ಇದು ಮೊದಲ ಸಲದ ಕೂಗಲ್ಲ. ಇಷ್ಟು ವರ್ಷವೂ ಮಗ್ಗ ಓಡುತ್ತಿದ್ದಷ್ಟು ಹೊತ್ತೂ ಅತ್ತೆ ಮಾವನನ್ನು ಮನದಣಿಯೆ ಹೆಸರು ಹಿಡಿದು ಕರೆದಿದ್ದಾಳೆ, ಬೈದಿದ್ದಾಳೆ. ನಾವು ಯಾರೂ ಕೇಳಿಸಿಕೊಂಡಿಲ್ಲ. ಮಾವ ತುಟಿ ನೋಡಿ ಕೇಳಿಸಿಕೊಂಡಿದ್ದಾರೆ.

ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಮುಖ ಬಿಳುಚಿತ್ತು. ಕಣ್ಣು ಮಾಡಿನ ಕಡೆ.

"ಕೇಳಿಸ್ಬಿಡ್ತೇನೋ ಅವನಿಗೆ," ಎಂದಳು.

"ಯಾರಿಗತ್ತೆ?"

"ಕೋಣದ ಮೇಲೆ ಬರ್ತಾನಲ್ಲ, ಅವನಿಗೆ ಕಣೋ. ಮಗ್ಗ ಓಡ್ತಿದ್ರೆ ಅವನಿಗೇನೂ ಕೇಳಲ್ಲ ಅನ್ನೋ ಧೈರ್ಯದಲ್ಲಿದ್ದೆ."

ಮಾವ ಹತ್ತಿರ ಬಂದರು. ತುಟಿ ಕಾಣದಿದ್ದರೂ ಮಾಡಿನತ್ತ ನೆಟ್ಟ ಅವಳ ಕಣ್ಣು ನೋಡಿಯೇ ವಿಷಯ ತಿಳಿದುಕೊಂಡರು. "ಅವನು ಕೋಣದ ಮೇಲೆ ಹೊರಟ್ರೂ ನಮ್ಮ ಪೇಟೆ ಟ್ರಾಫಿಕ್ಕಲ್ಲಿ ಇಲ್ಲಿಗೆ ಬರೋಷ್ಟರಲ್ಲಿ ನಂಗೆ ನೂರು ತುಂಬುತ್ತೆ," ಎಂದು ಅವಳ ಬಾಯಿಯ ಮೇಲಿನ ಕೈಗಳನ್ನು ಬಿಡಿಸಿದರು. ಅತ್ತೆ ಅವರ ಎದೆಯ ಮೇಲೆ ಅಂಗೈ ಇಟ್ಟು ಕರೆಂಟು ಬರುವವರೆಗೂ ತೆಗೆಯಲಿಲ್ಲ. ಆಮೇಲೆ ನನ್ನತ್ತ ತಿರುಗಿ, "ಯಾರ ಮುಂದಾದ್ರೂ ಬಾಯ್ಬಿಟ್ಟು ಹೇಳಿದ್ಯೋ, ನೋಡು," ಎಂದಳು. ನಾನು ಬಾಯಿ ಬಿಟ್ಟಿಲ್ಲ ಅತ್ತೆ, ಕೈಯಲ್ಲಿ ಬರೆದಿದ್ದೇನೆ. ನೀನು ಹೇಳಿಕೊಟ್ಟ ಉಪಾಯವೇ.

ಶಾಂತಿ ಆಯಿತು. ಹೋಮ ಮುಗಿಸಿ ಮನೆಗೆ ಬಂದಾಗ ಹೊಸಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಜಡಿಗೇನಹಳ್ಳಿ ಅಮ್ಮ ಕುಳಿತಿದ್ದರು. ಪಾಯಸ ಗಟ್ಟಿಯಾಗದಂತೆ ಒಲೆಯ ಮೇಲೇ ಇಡಿಸಿದ್ದರಂತೆ, ಹಳೆಯ ಅನುಭವ! ಓಣಿಯ ತುಂಬ ನೆಂಟರು.

"ಹೇಳಮ್ಮಾ."

ಅತ್ತೆ ಮಾವನ ಹೆಗಲಿನಿಂದ ಶಲ್ಯದ ಅಂಚು ಎಳೆದು ಜಡಿಗೇನಹಳ್ಳಿ ಅಮ್ಮನ ಮುಖದ ಮುಂದೆ ಹಿಡಿದಳು.

"ಕನ್ನಡಕ ಇಲ್ಲ ಕಣಮ್ಮಾ. ಲೋ, ನೀನು ಓದು," ಎಂದರು ನನಗೆ. ನಾನು ಕಂಡಕ್ಟರನ ದನಿಯಲ್ಲಿ ಸ್ಟಾಪಿನ ಹೆಸರು ಕೂಗುವಂತೆ ಓದಿದೆ. ಓಣಿ ಗೊಳ್ಳೆಂದಿತು.

"ಇದು ಮೋಸ!"

"ಮೋಸ ಹೆಂಗಾಗುತ್ತೆ ಅಕ್ಕಾ? ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಇದು ಒಗೆದ್ರೂ ಹೋಗಲ್ಲ."

ಜಡಿಗೇನಹಳ್ಳಿ ಅಮ್ಮ ಜರಿಯ ಅಕ್ಷರಗಳನ್ನು ಬೆರಳಿನಿಂದ ತಡವಿದರು. ಒಂದೊಂದನ್ನೂ. ತಮ್ಮನ ಹೆಸರನ್ನು ಹೀಗೆ ಮುಟ್ಟಿ ನೋಡಿದ್ದು ಅವರಿಗೂ ಮೊದಲು. ಕುರ್ಚಿ ಪಕ್ಕಕ್ಕೆ ಸರಿಸಿ, ವಾಲಗದವರಿಗೆ ಕೈಬೀಸಿದರು.

ಡೋಲು, ನಾಗಸ್ವರ ಒಟ್ಟಿಗೆ ಸಿಡಿದವು. ಅಷ್ಟು ಕಿರಿದಾದ ಓಣಿಯಲ್ಲಿ ಆ ಸದ್ದು ಮಗ್ಗದ ಮನೆಯನ್ನೂ ಮೀರಿಸಿತು. ಮಾವ ಹೊಸಿಲು ದಾಟಲು ಎಡಗಾಲು ಎತ್ತಿದರು. ನಾನು ಅತ್ತೆಯನ್ನೇ ನೋಡುತ್ತಿದ್ದೆ. ಅವಳು ಮಾವನ ಕಡೆ ಮುಖ ತಿರುಗಿಸಿದಳು. ತುಟಿಗಳು ಅಗಲವಾಗಿ, ಗಂಟಲಿನ ನರ ಉಬ್ಬುವಂತೆ, ಏನೋ ಹೇಳಿದವು. ಮಾವ ಎತ್ತಿದ ಎಡಗಾಲನ್ನು ಹಾಗೇ ಹಿಂದಕ್ಕಿಟ್ಟು, ಬಲಗಾಲಿಟ್ಟು ಒಳಗೆ ಹೋದರು. ನಗುತ್ತಾ.

ಜಡಿಗೇನಹಳ್ಳಿ ಅಮ್ಮ ನನ್ನ ಕಿವಿಯ ಹತ್ತಿರ ಬಾಗಿ ಕೂಗಿದರು: "ನೋಡ್ದೇನೋ ನಿಮ್ಮತ್ತೇನ? ಈ ಸಲಾನೂ ಹೇಳ್ಲೇ ಇಲ್ಲ."

"ಹೂಂ," ಎಂದೆ. "ಹೇಳ್ಲಿಲ್ಲ ಬಿಡಿ."